ಡ್ರಮ್ ಮಾಮ ಪೂರ್ತಿ ನೋಡದ ಸಿನಿಮಾ

ಚಿನ್ನದ ಗಣಿಯ ಊರಾದ ಕೋರಮಂಡಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರನ್ನು ಎಲ್ಲರೂ ಡ್ರಮ್ ಮಾಮ ಎನ್ನುತ್ತಿದ್ದರು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರೂ ಗೆಳೆಯರೂ ಬ್ಯಾಂಡ್ ಕಟ್ಟಿಕೊಂಡು, ಬೆಲ್‌ಬಾಟಮ್ ತೊಟ್ಟು ಮದುವೆಮನೆಗಳಲ್ಲಿ ಬಾರಿಸುತ್ತಿದ್ದರಂತೆ. ನಾನು ಕಂಡದ್ದು ಗಣಿ ಮುಚ್ಚಿದ ಮೇಲೆ ಸೆಕ್ಯೂರಿಟಿ ಗಾರ್ಡ್ ಆಗಿದ್ದ ಮಾಮನನ್ನು. ಮಾರಿಕುಪ್ಪಂನಲ್ಲಿ ಬೆಂಗಳೂರು ರೈಲು ಹತ್ತಿದ ಮೇಲೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಹಳೆಯ ಕಥೆ ಕೇಳಿದರೆ, "ಇನ್ನೊಂದ್ ದಿನ ನೋಡಾಣ ಬುಡ್ಲಾ" ಎನ್ನುವರು.

ಅಂಥದೇ ಹುಡುಗರ ಬ್ಯಾಂಡಿನ ಬಗ್ಗೆ ಒಂದು ಸಿನಿಮಾ ಬಂತು. ಅವರ ರಜೆಯ ದಿನ ಬಲವಂತ ಮಾಡಿ ಬಂಗಾರಪೇಟೆಗೆ ಕರೆದುಕೊಂಡು ಹೋದೆ. ಸಿನಿಮಾ ಮುಗಿಯಲು ಸ್ವಲ್ಪ ಹೊತ್ತಿರುವಾಗ ತೆರೆಯ ಮೇಲೆ ಗಣಿ ಮುಚ್ಚಿತು. ಹುಡುಗರು ಕೊನೆಯ ಸಲ ಒಟ್ಟಿಗೆ ಬಾರಿಸಿದರು. ನನ್ನ ಕಣ್ಣು ತುಂಬಿತು. ಪಕ್ಕಕ್ಕೆ ತಿರುಗಿದರೆ ಮಾಮನ ಸೀಟು ಖಾಲಿ.

ಅವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು.

"ಯಾಕೆ ಮಾಮ, ಚೆನ್ನಾಗಿಲ್ವಾ?"

"ಚೆಂದಾಗೈತೆ ಕಣ್ಲಾ. ನಮ್ಗಿಂತ ಚೆಂದಾಗಿ ಬಾರಿಸ್ತಾವ್ರೆ." ಚಪ್ಪಲಿ ಬಿಟ್ಟು ಕಾಲು ಮುಂದಕ್ಕೆ ಚಾಚಿದರು. "ನಮ್ ಗಿಟಾರ್‌ನೋನು ನೋಡ್ಬೇಕಾಗಿತ್ತು. ಓದ್ ವರ್ಸ ತೀರ್ಕಂಡ."

ಮೊಣಕಾಲು ನೀವಿಕೊಳ್ಳುತ್ತಾ ಅಂದರು: "ಗಣಿ ಮುಚ್ದಾಗ ಅವ್ರ ಕತೆ ಮುಗ್ದೋಯ್ತು. ನಂಗೆ ನಾಳೇನೂ ಡ್ಯೂಟಿ ಐತೆ."

ಒಳಗೆ ಜನರ ಶಿಳ್ಳೆ ಜೋರಾಯಿತು. ನಾನು ಮತ್ತೆ ಒಳಗೆ ಕರೆಯುವಷ್ಟರಲ್ಲಿ ಮಾಮ ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಪಕ್ಕದಲ್ಲೇ ಕೂತೆ. ಸಿನಿಮಾ ಮುಗಿದು ಜನ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಾಗ, ಯಾರೂ ಅವರ ಕಾಲು ತುಳಿಯದಿರಲೆಂದು ಎದ್ದು ಅಡ್ಡ ನಿಂತೆ.