ಸೀರೆ ಅಂಗಡಿಯಲ್ಲಿ ನಾವೆಲ್ಲ ನಿಂತ ದಿನ

ಜಗತ್ತನ್ನು ಬದಲಾಯಿಸುವುದಕ್ಕೂ ಒಂದು ಕ್ಲಾಸು ಇದೆ ಎಂದು ನನಗೆ ಹೇಳಿದವಳು ಮಗಳು. ವಿಮಾ ಕಚೇರಿಯಿಂದ ನಿವೃತ್ತಳಾಗಿ, ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರ ವಿಷಯಕ್ಕೂ ಮೂಗು ತೂರಿಸಿಕೊಂಡಿದ್ದ ದಿನಗಳು ಅವು. "ಅಮ್ಮಾ, ಆನ್‌ಲೈನ್ ಇದೆ, ಫ್ರೀ ಇದೆ, ಜಾಯಿನ್ ಆಗು ನಾ. ನಿನಗೆ ಟೈಮ್‌ಪಾಸ್, ನಮಗೆ ಶಾಂತಿ" ಎಂದಳು. ಸೇರಿದೆ. ಶನಿವಾರ ಸಂಜೆ ಲ್ಯಾಪ್‌ಟಾಪ್ ತೆರೆದರೆ ನೈರೋಬಿಯ ಒಬ್ಬಳು ನರ್ಸು, ಮನಿಲಾದ ಒಬ್ಬಳು ಅಂಗಡಿ ಕೆಲಸದವಳು, ಇನ್ನೂ ಯಾವ್ಯಾವುದೋ ದೇಶದ ಮುಖಗಳು ಪುಟ್ಟ ಪುಟ್ಟ ಚೌಕಗಳಲ್ಲಿ. ಅವರ ಬೆನ್ನ ಹಿಂದಿನ ಗೋಡೆ, ಕಿಟಕಿ, ಒಣಹಾಕಿದ ಬಟ್ಟೆ ನೋಡುವುದರಲ್ಲೇ ಮೊದಲ ಪಾಠ ಮುಗಿದುಹೋಯಿತು.

ಆಮೇಲಾಮೇಲೆ ಪಾಠವೂ ರುಚಿಸಿತು. ಕೂಗಾಡಬೇಡಿ, ಮೊದಲು ಕೇಳಿಕೊಳ್ಳಿ: ತೀರ್ಮಾನ ಯಾರ ಕೈಯಲ್ಲಿದೆ? ಆತ ಯಾರ ಮಾತು ಕೇಳುತ್ತಾನೆ? ಯಾವುದಕ್ಕೆ ಅಂಜುತ್ತಾನೆ? ದೇಶದ ಕಾನೂನು ಬದಲಾಯಿಸುವುದೂ ಹೀಗೆಯೇ, ಗಲ್ಲಿಯ ನಲ್ಲಿ ರಿಪೇರಿ ಮಾಡಿಸುವುದೂ ಹೀಗೆಯೇ ಎಂದರು ಕಲಿಸುವವರು. ನಮ್ಮಮ್ಮ ಯಾವ ಕ್ಲಾಸಿಗೂ ಹೋಗದೆ ಇದನ್ನೇ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಿದ್ದಳು.

ಒಂದು ಶನಿವಾರ ಮನಿಲಾದವಳು ತನ್ನ ಕಷ್ಟ ಹೇಳಿದಳು. ಅವಳ ಮಳಿಗೆಯಲ್ಲಿ ಹೆಂಗಸರು ದಿನವಿಡೀ ನಿಂತೇ ಇರಬೇಕಂತೆ. ಕೂರುವ ಹಕ್ಕು ಬೇಕೆಂದು ಅವರು ಹೋರಾಡುತ್ತಿದ್ದಾರಂತೆ. ಕೂರುವುದಕ್ಕೂ ಹೋರಾಟವೇ ಎಂದು ನನಗೆ ನಗು ಬಂತು. ಅಷ್ಟರಲ್ಲಿ ಮಾಟುಂಗದ ಸೀರೆ ಅಂಗಡಿಯ ಕೆಲಸದವಳು ನೆನಪಾಗಿ ನಗು ಅಲ್ಲಿಗೇ ನಿಂತಿತು.

ಅವಳು ವಿಜಯಪುರದ ಕಡೆಯವಳು. ಕೌಂಟರಿನ ಹಿಂದೆ ನಿಂತು ಸೀರೆ ಬಿಚ್ಚಿ ತೋರಿಸುತ್ತಾ, ಯಾರೂ ನೋಡದಾಗ ಒಂದು ಕಾಲನ್ನು ಎತ್ತಿ ಹಿಂದಿನ ಕಪಾಟಿಗೆ ಆನಿಸುತ್ತಿದ್ದಳು. ನಾನು ಕೇಳದೆ ಬಿಡುವವಳಲ್ಲ. "ನರಾ ಉಬ್ಬ್ಯಾವ್ರೀ ಅಕ್ಕಾರ. ಕುಂತು ಕೆಲಸಾ ಮಾಡು, ಇಲ್ಲಾ ಕೆಲಸಾ ಬಿಡು ಅಂತಾರ ಡಾಕ್ಟರ್. ಬಿಟ್ರ ಮನಿ ಹ್ಯಾಂಗ ನಡೀಬೇಕ್ರಿ?" ಎಂದಳು. ಅವಳಂತೆ ಇನ್ನೂ ಮೂವರು ಅಲ್ಲಿದ್ದರು, ಯಾರಿಗೂ ಸ್ಟೂಲು ಇರಲಿಲ್ಲ. ಗಿರಾಕಿಯ ಎದುರು ಕೆಲಸದವರು ಕೂತರೆ ಅಂಗಡಿಗೆ ಕಳೆ ಇರುವುದಿಲ್ಲ ಎಂಬುದು ಮಾಲೀಕರ ನಂಬಿಕೆ.

ಮಾಲೀಕರು ನಮ್ಮ ಉಡುಪಿ ಕಡೆಯವರೇ. ಸಜ್ಜನರು, ಅದೇ ಕಷ್ಟ. ನಮ್ಮ ಬಡಾವಣೆಯ ಮಹಿಳಾ ಮಂಡಳಿಯಿಂದ ನಾವು ಮೂರು ಜನ ಹೋಗಿ ಹೇಳಿದಾಗ "ಆಯ್ತು ಅಕ್ಕ, ನೋಡುವ" ಎಂದು ಕೈಮುಗಿದು ಕಾಫಿ ತರಿಸಿದರು. ಮೂಗಿಗೆ ತುಪ್ಪ ಸವರುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬಹಳ ದಿನ ಕಳೆದರೂ ಸ್ಟೂಲಿನ ಸುಳಿವಿರಲಿಲ್ಲ.

ಆಗ ಕ್ಲಾಸಿನಲ್ಲಿ ಹೇಳಿದಂತೆ ಒಂದು ಹಾಳೆಯಲ್ಲಿ ನಕ್ಷೆ ಬರೆದೆ. ನಡುವೆ ಮಾಲೀಕರು, ಸುತ್ತ ಅವರ ಹೆಂಡತಿ, ಬೈಕುಲ್ಲಾದಲ್ಲಿರುವ ಅಣ್ಣ, ಆಡಿಟರು, ಜ್ಯೋತಿಷಿ. ಯಾರ ಮಾತು ಕೇಳುತ್ತಾರೆ? ಯಾರದೂ ಇಲ್ಲ. ಹಾಗಾದರೆ ಯಾವುದಕ್ಕೆ ಅಂಜುತ್ತಾರೆ? ಪೆನ್ನು ಕಚ್ಚುತ್ತಾ ಯೋಚಿಸಿದೆ. ನಾವು ಅಂಗಡಿಯ ಬಾಗಿಲು ದೂಡುವ ಮುಂಚೆಯೇ "ಕೂತ್ಕೊಳ್ಳಿ ಅಕ್ಕ, ಕೂತ್ಕೊಳ್ಳಿ" ಎಂದು ಕೇಳಿಸುವ ಅವರ ದನಿ ನೆನಪಾಯಿತು. ಕುರ್ಚಿ ಸಾಲದಿದ್ದರೆ ಗಲ್ಲಾದಿಂದ ಎದ್ದು ತನ್ನದನ್ನೇ ಕೊಡುವ ಮನುಷ್ಯ. ಗಿರಾಕಿ ನಿಂತಿರುವುದನ್ನು ಅವರು ಸಹಿಸಲಾರರು! ಮುಂದಿನ ಶನಿವಾರ ಇದನ್ನು ಹೇಳಿದಾಗ ಮನಿಲಾದವಳು ಚಪ್ಪಾಳೆ ತಟ್ಟಿದಳು. ನನಗೋ, ಏನಾಗುತ್ತದೆ ನೋಡಿಯೇಬಿಡಬೇಕೆಂಬ ಚಡಪಡಿಕೆ.

ನವರಾತ್ರಿ ಹತ್ತಿರ ಬಂದಿತ್ತು. ಭಜನೆಗೆ ಕೂರುವವರೆಲ್ಲ ಒಂದೇ ಬಣ್ಣದ ಸೀರೆ ಉಡುವುದು ನಮ್ಮ ಮಂಡಳಿಯ ಪದ್ಧತಿ, ಹಾಗಾಗಿ ಅದು ಅಂಗಡಿಗೆ ದೊಡ್ಡ ಆರ್ಡರು. ಒಂದು ಮಧ್ಯಾಹ್ನ ಮಂಡಳಿಗೆ ಮಂಡಳಿಯೇ ಒಳಗೆ ನುಗ್ಗಿತು. ಮಾಲೀಕರು ಕೂತ್ಕೊಳ್ಳಿ ಎಂದರು.

"ಆ ಹುಡುಗಿ ನಿಂತಿದ್ದಾಳಲ್ಲ, ನಾವು ಕೂತರೆ ಚಂದ ಉಂಟಾ?" ಎಂದೆ.

ಅವರು ನಕ್ಕರು. ನಾವು ಕೂರಲಿಲ್ಲ. ನಮ್ಮ ಜೊತೆ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು, ಅವರೂ ಕೋಲೂರಿ ನಿಂತರು. ಮೊದಲೇ ಕೂತಿದ್ದ ಬೇರೆ ಗಿರಾಕಿಗಳು, ಅಜ್ಜಿ ನಿಂತಿರುವಾಗ ತಾವು ಕೂರುವುದು ಹೇಗೆಂದು ಒಬ್ಬೊಬ್ಬರಾಗಿ ಎದ್ದರು. ಕುರ್ಚಿಗಳೆಲ್ಲ ಖಾಲಿ, ಅಂಗಡಿ ತುಂಬ ನಿಂತವರೇ. ಮಾಲೀಕರು ಗಲ್ಲಾ ಬಿಟ್ಟು ಓಡಿ ಬಂದರು.

"ಎಂತ ಮಾರಾಯ್ರೆ ಇದು, ಅಜ್ಜಿಯಾದ್ರೂ ಕೂತ್ಕೊಳ್ಳಲಿ!"

"ಅವಳು ಕೂತ ಕೂಡಲೇ ಕೂರ್ತೇನೆ ಮಗಾ" ಎಂದರು ಅಜ್ಜಿ.

ಕೊನೆಗೆ ಮಾಲೀಕರು ಗಲ್ಲಾದಿಂದ ತನ್ನ ಕುರ್ಚಿಯನ್ನೇ ಎತ್ತಿ ತಂದು ಕೌಂಟರಿನ ಹಿಂದೆ ಇಟ್ಟರು. "ಕೂತ್ಕೊ ಮಾರಾಯ್ತಿ, ಒಮ್ಮೆ ಕೂತ್ಕೊ."

ಗೆದ್ದೆವು ಎಂದುಕೊಂಡೆ. ಅವಳು ಕೂರಲಿಲ್ಲ.

ನನಗೆ ಸಿಟ್ಟೇ ಬಂತು. ಇಷ್ಟೆಲ್ಲ ಮಾಡಿ ಕುರ್ಚಿ ತರಿಸಿದರೆ ಇವಳದೇನು ಹಟ? ಅವಳು ನನ್ನನ್ನು ನೋಡಲೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ಮೂವರನ್ನು ನೋಡಿ, ಮಾಲೀಕರ ಕಡೆ ತಿರುಗಿದಳು. "ಸೇಠ್ರ, ನಾ ಒಬ್ಬಾಕಿನ ಕುಂತ್ರ, ಇವ್ರು ಹೋದ ಮ್ಯಾಲ ನನ್ನ ಒಬ್ಬಾಕಿನ್ನ ಕೆಲಸದಿಂದ ತಗೀತೀರಿ. ನಾಕೂ ಮಂದಿ ಕುಂತ್ರ ಯಾರನ್ನ ತಗೀತೀರಿ?"

ಹೆಂಡತಿ, ಅಣ್ಣ, ಜ್ಯೋತಿಷಿಯನ್ನೆಲ್ಲ ಬರೆದ ನಾನು ಅವಳನ್ನು ನಕ್ಷೆಯಲ್ಲಿ ಎಲ್ಲೂ ಬರೆದಿರಲಿಲ್ಲ. ನಾಳೆ ಇದೇ ಅಂಗಡಿಗೆ ಬಂದು ನಿಲ್ಲಬೇಕಾದವಳು ಅವಳು, ಕೆಲಸ ಹೋದರೆ ಅವಳದು. ಅಜ್ಜಿಯ ಕೋಲು ಅದುರುವುದು ಕಂಡು "ನೀವು ಕೂತ್ಕೊಳ್ಳಿ ಅಜ್ಜಿ, ಸಾಕು" ಎಂದು ಪಿಸುಗುಟ್ಟಿದೆ. "ಸುಮ್ಮನಿರು" ಎಂದು ಗದರಿದರು.

ಮಾಲೀಕರು ಅಜ್ಜಿಯನ್ನು ನೋಡಿದರು, ಎದ್ದು ನಿಂತ ಗಿರಾಕಿಗಳನ್ನು ನೋಡಿದರು. ಆಮೇಲೆ ಫೋನ್ ತೆಗೆದು ಪಕ್ಕದ ಪ್ಲಾಸ್ಟಿಕ್ ಅಂಗಡಿಗೆ ಹೇಳಿದರು, "ಭಾಯ್, ಚಾರ್ ಸ್ಟೂಲ್ ಭೇಜೋ." ನಾಲ್ಕು ಸ್ಟೂಲು ಬಂದ ಮೇಲೆ ಎಲ್ಲರಿಗೂ ಕೇಳುವಂತೆ, "ಇದು ಇನ್ನು ಇಲ್ಲೇ ಇರ್ತದೆ. ಯಾರನ್ನೂ ತೆಗೆಯುವುದಿಲ್ಲ, ಆಯ್ತಾ?" ಎಂದರು.

ಮೂವರು ಹಿಂಜರಿಯುತ್ತಾ ಕೂತರು. ಅವರು ಕೂತದ್ದನ್ನು ನೋಡಿದ ಮೇಲೆ ಅವಳು ಕೌಂಟರು ಹಿಡಿದುಕೊಂಡು ಮೆಲ್ಲಗೆ ಕೂತಳು. ಕಾಲು ಚಾಚಿ, ಕಣ್ಣು ಮುಚ್ಚಿ, "ಯವ್ವಾ" ಎಂದಳು. ನನಗೆ ಅಳು ಬಂತು. ಅಜ್ಜಿ ಕೂತರು, ನಾವೂ ಕೂತೆವು. ಸೀರೆ ತೋರಿಸು ಎಂದು ಬಹಳ ಹೊತ್ತು ನಮ್ಮಲ್ಲಿ ಯಾರೂ ಹೇಳಲಿಲ್ಲ.