ವಿನೋದಕ್ಕನ ಸ್ವರ

ಮಲ್ಪೆಯ ವಿನೋದಕ್ಕ ಬಾಯಿ ತೆರೆದರೆ ಮೂರು ಮನೆಗೆ ಸುದ್ದಿ ಮುಟ್ಟುತ್ತದೆ. ಅವರ ಜೋಗುಳಕ್ಕೆ ಮೊಮ್ಮಗಳು ಮೋಕ್ಷಾ ಮಲಗುವುದು ಹೋಗಲಿ, ಅಂಗಳದಲ್ಲಿ ಮಲಗಿದ ಬೆಕ್ಕೂ ಎದ್ದು ಹೋಗುತ್ತದೆ. ಮನೆಯಲ್ಲಿ ಯಾರು ಏನೇ ಹೇಳಲಿ, ಅದನ್ನು ಗಂಡನಿಗೆ ಇನ್ನೊಮ್ಮೆ ಹೇಳುವುದು ಅವರೇ. ಸೊಸೆ ಯಶ್ಮಿತಾ ಮಣಿಪಾಲದ ಕಂಪೆನಿಗಾಗಿ ಹೆಚ್ಚಾಗಿ ಮನೆಯಲ್ಲೇ ಕೂತು ಧ್ವನಿಯ ಚಿಪ್ ಪರೀಕ್ಷಿಸುವವಳು. ಚಿಪ್ ಹಿಡಿಯಲಾರದಷ್ಟು ಸ್ವರ ಬಂದರೆ ಆ ಸ್ವರದ ಅಲೆಯ ತಲೆ, ಬುಡ ಎರಡೂ ಕತ್ತರಿಸಿ ಹೋಗುತ್ತವೆ. ಆಗ ಕೆಂಪು ದೀಪ ಹತ್ತಬೇಕು. ಕಚೇರಿಯಲ್ಲಿ ಅದಕ್ಕೊಂದು ಯಂತ್ರ ಉಂಟು, ಮನೆಯಲ್ಲಿ ಅತ್ತೆ ಇದ್ದಾರೆ. "ಹಲೋ" ಎಂದರೆ ಸಾಕು, ದೀಪ ಝಗ್ಗನೆ ಹತ್ತುತ್ತದೆ. "ನನ್ನ ಸ್ವರಕ್ಕೆ ಫುಲ್ ಮಾರ್ಕ್!" ಎಂದು ಪಕ್ಕದ ಮನೆಯ ಆನಿಗೂ ಹೇಳಿಬಂದಿದ್ದರು. "ಅದು ಮಾರ್ಕಲ್ಲ ಮಾಮಿ, ಸ್ವರ ಹೆಚ್ಚಾಯಿತು ಅಂತ" ಎಂದು ಯಶ್ಮಿತಾ ಬಾಯಿತಪ್ಪಿ ಹೇಳಿದ ಮಧ್ಯಾಹ್ನ, ವಿನೋದಕ್ಕ ಸೆರಗು ಸರಿಮಾಡಿಕೊಂಡು ಮೆಲ್ಲಗೆ "ಊಟಕ್ಕೆ ಬನ್ನಿ" ಎಂದರು. ಜಗಲಿಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದ ಗಂಡ ದೇವದಾಸಣ್ಣ ತಲೆ ಎತ್ತಲಿಲ್ಲ. ಇನ್ನೊಮ್ಮೆ ಕರೆದರೂ ಎತ್ತಲಿಲ್ಲ. ಮೂವತ್ತು ವರ್ಷ ಬೋಟಿನ ಇಂಜಿನ್ ಪಕ್ಕದಲ್ಲಿ ಕೂತ ಜೀವ ಅದು. "ಮಾವನಿಗೆ ಕಿವಿ ಕೇಳುವುದಿಲ್ಲವಾ ಮಾಮಿ?" "ಶ್! ಅದು ಅವರಿಗೇ ಗೊತ್ತಿಲ್ಲ ಮಾರಾಯ್ತಿ. ನನ್ನ ಬಾಯಿ ದೊಡ್ಡದು ಅಂತ ಊರಿಡೀ ನಗಲಿ, ಅವರನ್ನು ಕೆಪ್ಪ ಅಂತ ಯಾರೂ ಹೇಳಬಾರದು." ಯಶ್ಮಿತಾ ಗಂಟಲು ಸರಿಮಾಡಿಕೊಂಡು, "ಮಾವಾ, ಊಟಕ್ಕೆ ಬನ್ನಿ!" ಎಂದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕೂಗಿದಳು. "ಒಬ್ಬಳ ಬೊಬ್ಬೆ ಸಾಲದು ಅಂತ ಈಗ ಇಬ್ಬರಾ?" ಎಂದು ಗೊಣಗುತ್ತ ದೇವದಾಸಣ್ಣ ಎದ್ದು ಬಂದರು.