ಜಾಲಿಕಾಯಿಯ ಒಗರು

ಕಳೆದ ವಾರ ಬದನಗುಪ್ಪೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಾಲಡಿ ಏನೋ ಚಟ್ಟೆಂದಿತು. ಒಣಗಿದ ಜಾಲಿಕಾಯಿ. ಎತ್ತಿ ಮೂಸಿದೆ. ಅದೇ ಒಗರು ವಾಸನೆ, ಕೊನೆಗೆ ಒಂಚೂರು ಸಿಹಿ... ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಆಗ ನನಗೆ ಇಪ್ಪತ್ತಮೂರು. ಗುಂಡ್ಲುಪೇಟೆಯಿಂದ ದಿನಾ ಎರಡು ಬಸ್ಸು ಹಿಡಿದು ಉಮ್ಮತ್ತೂರಿಗೆ ಹೋಗುತ್ತಿದ್ದೆ. ಮೇಯುವ ದನಗಳು ತೇಗಿದಾಗ ಮೀಥೇನ್ ಎಂಬ ಅನಿಲ ಹೊರಬರುತ್ತದೆ, ಅದು ಭೂಮಿಯ ಬಿಸಿ ಏರಿಸುತ್ತದೆ. ಒಣಭೂಮಿಯ ಮೇವು ತಿಂದರೆ ಅದು ಎಷ್ಟು ಬರುತ್ತದೆಂದು ಅಳೆಯುವ ಒಂದು ಸಂಶೋಧನೆಯಲ್ಲಿ ನನ್ನ ಕೆಲಸ. ಆರು ಹಸುಗಳ ಕೊರಳಿಗೆ ಡಬ್ಬಿ ಕಟ್ಟಿ, ಮೂಗಿನವರೆಗೆ ಸಣ್ಣ ಕೊಳವೆ ಎಳೆದಿದ್ದೆವು. ಊರವರು ನನಗಿಟ್ಟ ಹೆಸರು 'ತೇಗಿನ ಮೇಡಮ್ಮು'. ಕೋಪ ಬರುತ್ತಿತ್ತು, ನಗುವೂ ಬರುತ್ತಿತ್ತು.

ಆ ಹಸುಗಳನ್ನು ಗೋಮಾಳದಲ್ಲಿ ಮೇಯಿಸುತ್ತಿದ್ದವರು ಒಬ್ಬ ತಾತ. ಆರರಲ್ಲಿ ಒಂದು ಅವರದೇ, ಕಂದು ಬಣ್ಣದ ನಾಟಿ ಹಸು. ಮೊದಲ ದಿನ ಅದರ ಕೊರಳಿನ ಡಬ್ಬಿಯನ್ನು ಟವಲಿನಿಂದ ಒರೆಸಿ, "ನೋಡಮ್ಮಿ, ಒಡ್ವೆ ಇಕ್ಕಂಡ ಮದ್ವೆ ಎಣ್ಣಂಗವ್ಳೆ!" ಎಂದು ಊರಿಗೆಲ್ಲ ತೋರಿಸಿದ್ದರು.

ಎಲ್ಲಕ್ಕೂ ಒಂದೇ ಮೇವು. ಹಗಲು ಗೋಮಾಳದ ಒಣಹುಲ್ಲು, ಮನೆಯಲ್ಲಿ ರಾಗಿಹುಲ್ಲು. ಬೇರೇನೂ ಕೊಡಬಾರದೆಂದು ಎಲ್ಲರಿಗೂ ಹೇಳಿದ್ದೆವು. ಆದರೂ ತಾತನ ಹಸುವಿನ ಅನಿಲದ ಅಳತೆ ಮಾತ್ರ ಪ್ರತಿ ಸಲವೂ ಕಡಿಮೆ. ಕೊಳವೆ ಬದಲಿಸಿದೆ, ಡಬ್ಬಿ ಬದಲಿಸಿದೆ. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ ದಿನಾ ಆ ಉಪಕರಣವನ್ನೇ ಬೈದೆ.

ಒಂದು ಸಂಜೆ ಬಸ್ಸು ತಪ್ಪಿತು. ಹಿಂತಿರುಗಿ ಬಂದರೆ, ತಾತ ಮನೆಯ ಹತ್ತಿರದ ಜಾಲಿಮರದಡಿ ಟವಲಿನ ಗಂಟು ಬಿಚ್ಚಿ, ಹಸುವಿಗೆ ಕಾಯಿ ತಿನ್ನಿಸುತ್ತಿದ್ದರು.

"ಇದೇನ್ ತಾತ?"

"ಸಂಜೆಗೆ ಹಸೀನ ಬರೀ ಬಾಯ್ಲಿ ಕೊಟ್ಗೆಗೆ ಒಡಿಬಾರ್ದು ಕಣಮ್ಮಿ. ನಮ್ಮಪ್ಪನೂ ಒಂದ್ ಇಡಿ ಕೊಡ್ತಿದ್ದ. ಒಣುಲ್ಲು ತಿಂದ್ರೆ ಒಟ್ಟೆ ಉಬ್ಬರುಸ್ತದ, ಇದ್ ತಿಂದ್ರೆ ತಣ್ಗಾಯ್ತದ. ಇದೇನ್ ಮೇವಾ?"

ಅವರ ಲೆಕ್ಕದಲ್ಲಿ ಅದು ಮೇವಲ್ಲ, ಮನೆಗೆ ಬಂದವರಿಗೆ ಕೊಡುವ ಬೆಲ್ಲ ನೀರಿನಂಥದ್ದು. ನನಗೆ ಅದೆಲ್ಲಿ ಹೊಳೆಯಬೇಕು? "ಮೂರು ತಿಂಗಳ ಕೆಲಸ ಹಾಳ್ಮಾಡ್ಬುಟ್ರಲ್ಲ! ಇದು ತಪ್ಪು, ಇನ್ಮೇಲೆ ಕೊಡ್ಬೇಡಿ," ಎಂದು ಕೂಗಾಡಿ, ಅಲ್ಲೇ ಹಸುವಿನ ಕೊರಳಿನ ಡಬ್ಬಿ ಬಿಚ್ಚಿದೆ. ಅಳತೆ ಬರೆಯುವ ಪುಸ್ತಕದಲ್ಲಿ ಅದರ ಹಾಳೆಗಳ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದೆ.

ತಾತ ಹಸುವಿನ ಬೋಳು ಕೊರಳನ್ನು ಸವರುತ್ತ ನಿಂತಿದ್ದರು. "ತಪ್ಪಾದ್ರೆ ತಪ್ಪು ಅಂತ್ಲೇ ಬರ್ಕಳಿ. ಆದ್ರೆ ಕಾಯಿ ಕೊಟ್ಟಿದ್ನೂ ಬರ್ಕಳಿ ಮೇಡಮ್ಮೋರೆ. ಹಸ ಸುಳ್ಳೇಳಲ್ಲ," ಎಂದರು. ಅದುವರೆಗೆ ನಾನು ಅವರಿಗೆ 'ಅಮ್ಮಿ' ಆಗಿದ್ದೆ... ಬರೆದುಕೊಳ್ಳಲಿಲ್ಲ.

ವರ್ಷಗಳ ನಂತರ ಚಾಮರಾಜನಗರದ ಒಂದು ತರಬೇತಿಯಲ್ಲಿ ಪಶುವೈದ್ಯರೊಬ್ಬರು ಹೇಳಿದರು: ಬರೀ ಒಣಹುಲ್ಲು ತಿಂದ ದನಕ್ಕೆ ಮೀಥೇನ್ ಹೆಚ್ಚು, ಜಾಲಿಕಾಯಿಯ ಒಗರು ಅದನ್ನು ತಗ್ಗಿಸಬಲ್ಲದು, ಮಿತವಾಗಿ ಕೊಟ್ಟರೆ ಒಳ್ಳೆಯದು. ನನ್ನ ಪೆನ್ನು ನಿಂತುಹೋಯಿತು. ಹಸು ಸುಳ್ಳು ಹೇಳಿರಲಿಲ್ಲ.

ಮರುದಿನವೇ ಉಮ್ಮತ್ತೂರಿಗೆ ಹೋದೆ. ತಾತ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಅವರ ಸೊಸೆ ನನ್ನ ಗುರುತು ಹಿಡಿದು ಒಳಗೆ ಕರೆದರು. ಜಾಲಿಕಾಯಿಯ ಮಾತು ಎತ್ತಿದೆ.

"ಆವತ್ನಿಂದ ಮಾವ ಒಂದ್ ಕಾಯೂ ಕೊಡ್ನಿಲ್ಲ ಕಣಕ್ಕ. ಓದ್ದೋರು ತಪ್ಪು ಅಂದವ್ರೆ, ಹಸೀಗೆ ಏನಾರ ಆಗ್ಬುಟ್ಟಾತು ಅನ್ನೋರು. ಅದು ದಿನಾ ಸಂಜೆ ಮರದಡಿ ನಿಂತ್ಕಂಡು ಮೂತಿ ಚಾಚೋದು. ಮಾವ ಆ ಕಡೆ ಮಕ ತಿರುಗುಸ್ಕಂಡು ಅಗ್ಗ ಎಳ್ಕಂಡು ಬರೋರು."

ತಪ್ಪು ನನ್ನದು ಎಂದು ಹೇಳಿದೆ. ಅವರು, "ಓಗ್ಲಿ ಬುಡಿ, ಕಾಪಿ ಕುಡೀರಿ," ಎಂದರು.

ಈಗ ಮದ್ದೂರಿನ ಕಡೆ ಹಳ್ಳಿಗಳಿಗೆ ಹೋದಾಗ, ಸಂಜೆ ಒಂದು ಹಿಡಿ ಜಾಲಿಕಾಯಿ ಕೊಡಿ ಎಂದು ನಾನೇ ಹೇಳುತ್ತೇನೆ. ಜನ ತಲೆದೂಗುತ್ತಾರೆ. ಕಲಿಸಿದ್ದು ಯಾರೆಂದು ಇದುವರೆಗೆ ಯಾರೂ ಕೇಳಿಲ್ಲ.

ಬದನಗುಪ್ಪೆಯಿಂದ ಮನೆಗೆ ಬಂದವಳು ಆ ಹಳೆಯ ಪುಸ್ತಕ ಹುಡುಕಿದೆ. ಕೆಂಪು ಗೀಟು ಇನ್ನೂ ಮಾಸಿಲ್ಲ. ಅದರ ಪಕ್ಕದಲ್ಲಿ ಬರೆದೆ: 'ದಿನಾ ಸಂಜೆ ಒಂದು ಹಿಡಿ ಜಾಲಿಕಾಯಿ. ಕೊಟ್ಟವರು ತಾತ.' 'ಬರ್ಕಂಡೆ ತಾತ' ಎಂದು ಹೇಳೋಣವೆಂದರೆ ಅವರಿಲ್ಲ... ಮೂತಿ ಚಾಚಿ ಕಾದ ಆ ಹಸುವೂ ಇಲ್ಲ.